ಕಣ್ಣಿನ ಓಟ ಮತ್ತು ಸ್ಕಿಜೋಫ್ರೇನಿಯಾ: ಒಂದು ಪಾಠ



ಪ್ರಥಮ ಪಿಯುಸಿಯಲ್ಲಿ ನರಮಂಡಲದ ಪಾಠ ಮುಗಿಸಿದಾಗಲೆಲ್ಲ ಒಂದು ಪ್ರಶ್ನೆ ಬರುತ್ತದೆ: "ಸರ್, ತಲೆ ಕೆಟ್ಟಿದೆ ಅಂತಾರಲ್ಲ, ಅದು ನಿಜವಾಗಿ ಮೆದುಳಿನ ಕಾಯಿಲೆನಾ?" ಈ ವರ್ಷ ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಬಂತು: "ಅಂಥವರು ಮುಖ ಕೊಟ್ಟು ಮಾತಾಡಲ್ಲ ಯಾಕೆ? ಒಂದೇ ಕಡೆ ನೋಡ್ತಾ ಕೂತಿರ್ತಾರೆ ಯಾಕೆ?" ಈ ಎರಡು ಪ್ರಶ್ನೆಗಳಿಗೂ ನಂಟಿದೆ. ಒಂದು ಪೀರಿಯಡ್‌ನಲ್ಲಿ ಹೇಳಿ ಮುಗಿಸುವ ವಿಷಯವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಪರೀಕ್ಷೆಗೆ ಇದು ಬರದಿರಬಹುದು. ಆದರೆ ನಮ್ಮ ಬೀದಿಯಲ್ಲಿ, ನಮ್ಮ ತೋಟಗಳಲ್ಲಿ, ಕೆಲವೊಮ್ಮೆ ನಮ್ಮ ಮನೆಯಲ್ಲೇ ಇದು ಎದುರಾಗುತ್ತದೆ.

ಸ್ಕಿಜೋಫ್ರೇನಿಯಾ ಎಂದರೇನು?

ಸ್ಕಿಜೋಫ್ರೇನಿಯಾ ಒಂದು ತೀವ್ರ ಮಾನಸಿಕ ಕಾಯಿಲೆ. ಕೆಲವು ಕನ್ನಡ ಪುಸ್ತಕಗಳಲ್ಲಿ ಇದನ್ನು ಚಿತ್ತವಿಕಲತೆ ಎಂದೂ ಕರೆದಿದ್ದಾರೆ. ಯಾರೂ ಮಾತಾಡದಿದ್ದರೂ ದನಿಗಳು ಕೇಳಿಸುವುದು, ಯಾರೋ ತನಗೆ ಕೇಡು ಮಾಡಲು ಹೊಂಚು ಹಾಕಿದ್ದಾರೆ ಎಂಬ ಅಲುಗದ ನಂಬಿಕೆ, ಮಾತಿಗೆ ಮಾತು ಸೇರದಿರುವುದು ಇದರ ಎದ್ದು ಕಾಣುವ ಲಕ್ಷಣಗಳು. ಯಾವುದರಲ್ಲೂ ಆಸಕ್ತಿ ಇಲ್ಲದೆ ಸುಮ್ಮನೆ ಕೂರುವುದು, ಸ್ನಾನ ಊಟದ ಕಡೆ ಗಮನ ಕೊಡದಿರುವುದು, ಜನರಿಂದ ದೂರ ಸರಿಯುವುದು ಅಷ್ಟಾಗಿ ಕಣ್ಣಿಗೆ ಬೀಳದ ಲಕ್ಷಣಗಳು. ಇವನ್ನು ಮನೆಯವರು ಸೋಮಾರಿತನವೆಂದೇ ತಿಳಿಯುವುದು ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಹೆಚ್ಚಿನವರಲ್ಲಿ ಇದು ಶುರುವಾಗುವುದು ಹದಿಹರೆಯದ ಕೊನೆಯಿಂದ ಇಪ್ಪತ್ತರ ದಶಕದೊಳಗೆ. ಅಂದರೆ ಹೆಚ್ಚುಕಡಿಮೆ ನಿಮ್ಮ ವಯಸ್ಸಿನಲ್ಲಿ, ಅಥವಾ ನೀವು ಡಿಗ್ರಿ ಮುಗಿಸುವ ಹೊತ್ತಿಗೆ.

ಮೊದಲು ನಮ್ಮ ಕಣ್ಣನ್ನು ತಿಳಿಯೋಣ

ಪ್ರತಿ ಕಣ್ಣುಗುಡ್ಡೆಯನ್ನು ಆರು ಸ್ನಾಯುಗಳು ಹಿಡಿದಿವೆ. ನಾಲ್ಕು ನೇರ, ಎರಡು ಓರೆ. ಇವುಗಳಿಗೆ ಆಜ್ಞೆ ಒಯ್ಯುವುದು ಮೂರನೆಯ, ನಾಲ್ಕನೆಯ ಮತ್ತು ಆರನೆಯ ಕಪಾಲ ನರಗಳು. ಇಷ್ಟೆಲ್ಲ ಏರ್ಪಾಡು ಯಾಕೆ ಬೇಕು? ನಮ್ಮ ಅಕ್ಷಿಪಟಲದಲ್ಲಿ ಅತಿ ಸ್ಪಷ್ಟವಾಗಿ ಕಾಣುವ ಜಾಗ ಫೋವಿಯಾ, ಅದು ಬಹಳ ಚಿಕ್ಕದು. ಕೈ ನೀಡಿ ಹೆಬ್ಬೆರಳು ಎತ್ತಿದರೆ ಆ ಉಗುರಿನಷ್ಟಗಲದ ಜಾಗ ಮಾತ್ರ ನಮಗೆ ಚೊಕ್ಕವಾಗಿ ಕಾಣುತ್ತದೆ. ಉಳಿದದ್ದು ಮಸುಕು. ಆದ್ದರಿಂದ ಕಣ್ಣು ಸದಾ ಓಡಾಡುತ್ತಲೇ ಇರಬೇಕು.

ಸುಮಾರು ಸಾವಿರ ವರ್ಷಗಳ ಹಿಂದೆ, ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದ ವಿಜ್ಞಾನಿ ಇಬ್ನ್ ಅಲ್ ಹೈಥಮ್ ತಮ್ಮ 'ಕಿತಾಬ್ ಅಲ್ ಮನಾಝಿರ್' ಗ್ರಂಥದಲ್ಲಿ ಇದನ್ನು ಗುರುತಿಸಿದ್ದರು. ಕಣ್ಣಿನ ನೇರಕ್ಕೆ ಬಂದದ್ದೇ ಸ್ಪಷ್ಟ, ಆದ್ದರಿಂದ ಒಂದು ವಸ್ತುವನ್ನು ಸರಿಯಾಗಿ ಅರಿಯಲು ಕಣ್ಣು ಅದರ ಮೇಲೆಲ್ಲ ಹರಿದಾಡಬೇಕು ಎಂಬುದು ಅವರ ವಿವರಣೆ.

ಕಣ್ಣಿನ ಚಲನೆಯಲ್ಲಿ ನಮಗೆ ಇಲ್ಲಿ ಬೇಕಾದವು ಎರಡು.

ಒಂದು, ನೆಗೆತ. ಇದನ್ನು ಸ್ಯಾಕೇಡ್ ಎನ್ನುತ್ತಾರೆ. ಒಂದು ಜಾಗದಿಂದ ಇನ್ನೊಂದಕ್ಕೆ ನೋಟ ಹಾರುವುದು. ಈ ಸಾಲನ್ನು ಓದುವಾಗಲೂ ನಿಮ್ಮ ಕಣ್ಣು ಜಾರುತ್ತಿಲ್ಲ, ಪದದಿಂದ ಪದಕ್ಕೆ ನೆಗೆಯುತ್ತಿದೆ. ಸೆಕೆಂಡಿಗೆ ಸುಮಾರು ಮೂರು ನೆಗೆತ ಎಂದು ಹಿಡಿದು, 16 ಗಂಟೆ ಎಚ್ಚರವಿದ್ದರೆ ದಿನಕ್ಕೆ 1,72,800 ನೆಗೆತ!

ಎರಡು, ಹಿಂಬಾಲಿಸುವ ನೋಟ. ಚಲಿಸುವ ವಸ್ತುವಿನ ಜೊತೆಗೇ ಕಣ್ಣು ನುಣುಪಾಗಿ ಸಾಗುವುದು. ಹಾರುವ ಹದ್ದನ್ನು ನೋಡುವುದು ಹೀಗೆ. ಎದುರಿಗೆ ಚಲಿಸುವ ವಸ್ತು ಇಲ್ಲದಿದ್ದರೆ ಈ ನುಣುಪು ನೋಟ ಸಾಧ್ಯವಿಲ್ಲ. ಖಾಲಿ ಗೋಡೆಯ ಮೇಲೆ ಕಣ್ಣನ್ನು ನಿಧಾನವಾಗಿ ಜಾರಿಸಲು ಪ್ರಯತ್ನಿಸಿ, ಪಕ್ಕದವರು ನಿಮ್ಮ ಕಣ್ಣನ್ನು ಗಮನಿಸಲಿ. ಅದು ಚಿಕ್ಕ ಚಿಕ್ಕ ನೆಗೆತಗಳಲ್ಲೇ ಸಾಗುತ್ತದೆ.

ಎರಡನ್ನೂ ಒಟ್ಟಿಗೆ ನೋಡಬೇಕೆ? ತುರುವೇಕೆರೆಯಿಂದ ತಿಪಟೂರಿಗೆ ಬಸ್ಸಿನಲ್ಲಿ ಬರುವಾಗ ಕಿಟಕಿಯ ಪಕ್ಕ ಕೂತ ಗೆಳೆಯನ ಕಣ್ಣನ್ನು ಗಮನಿಸಿ. ಹಿಂದಕ್ಕೆ ಓಡುವ ಒಂದು ತೆಂಗಿನಮರವನ್ನು ಹಿಡಿದು ಕಣ್ಣು ಹಿಂದಕ್ಕೆ ಜಾರುತ್ತದೆ, ಥಟ್ಟನೆ ಮುಂದಕ್ಕೆ ನೆಗೆದು ಇನ್ನೊಂದು ಮರವನ್ನು ಹಿಡಿಯುತ್ತದೆ. ಮತ್ತೆ ಜಾರು, ಮತ್ತೆ ನೆಗೆತ. ಅವನಿಗೆ ಇದರ ಅರಿವೇ ಇರುವುದಿಲ್ಲ. ಇದು ಆರೋಗ್ಯವಂತ ಮೆದುಳಿನ ಕೆಲಸ.

1908ರಲ್ಲಿ ಕಂಡದ್ದು

ಅಮೆರಿಕದ ಮನಶ್ಶಾಸ್ತ್ರಜ್ಞ ರೇಮಂಡ್ ಡಾಡ್ಜ್ ಕಣ್ಣಿನ ಚಲನೆಯನ್ನು ಫೋಟೊ ತೆಗೆದು ದಾಖಲಿಸುವ ಉಪಕರಣ ಮಾಡಿದ್ದರು. ಮನೋವೈದ್ಯ ಡೀಫೆನ್‌ಡಾರ್ಫ್ ಅವರೊಂದಿಗೆ ಸೇರಿ, ನಾವು ಇಂದು ಸ್ಕಿಜೋಫ್ರೇನಿಯಾ ಎನ್ನುವ ಕಾಯಿಲೆ ಇದ್ದವರ ಕಣ್ಣನ್ನು ಪರೀಕ್ಷಿಸಿ 1908ರಲ್ಲಿ ವರದಿ ಪ್ರಕಟಿಸಿದರು. ತೂಗುವ ಲೋಲಕವನ್ನು ನೋಡುವಾಗ ಅವರ ಕಣ್ಣು ನುಣುಪಾಗಿ ಹಿಂಬಾಲಿಸುತ್ತಿರಲಿಲ್ಲ. ಹಿಂದೆ ಬಿದ್ದು, ನೆಗೆದು, ಮತ್ತೆ ಹಿಂದೆ ಬೀಳುತ್ತಿತ್ತು.

ಆ ವರದಿಯನ್ನು ಬಹುಕಾಲ ಹೆಚ್ಚಿನವರು ಗಮನಿಸಲಿಲ್ಲ. 1973ರಲ್ಲಿ ಫಿಲಿಪ್ ಹೋಲ್ಜ್‌ಮನ್ ಮತ್ತು ಸಂಗಡಿಗರು ಲೋಲಕದ ಪ್ರಯೋಗವನ್ನೇ ಹೊಸ ಉಪಕರಣಗಳಿಂದ ಮಾಡಿ ಅದೇ ಫಲಿತಾಂಶ ಕಂಡರು. ಮರುವರ್ಷ ಇನ್ನೊಂದು ಮುಖ್ಯ ಸಂಗತಿ ಹೇಳಿದರು: ರೋಗಿಗಳ ತಂದೆ ತಾಯಿ, ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಅನೇಕರಿಗೆ ಯಾವ ಮಾನಸಿಕ ಕಾಯಿಲೆಯೂ ಇಲ್ಲದಿದ್ದರೂ ಕಣ್ಣಿನ ಓಟದಲ್ಲಿ ಇದೇ ತೊಡಕು ಇತ್ತು.

"ಇದು ಮಾತ್ರೆಗಳ ಪರಿಣಾಮ ಇರಬಹುದಲ್ಲ?" ಎಂದು ನೀವು ಕೇಳಬೇಕು. ಸರಿಯಾದ ಪ್ರಶ್ನೆ. ಕೆಲವು ಔಷಧಿಗಳು ಕಣ್ಣಿನ ಚಲನೆಯನ್ನು ಬದಲಿಸುವುದು ನಿಜ. ಆದರೆ ಈ ಕಾಯಿಲೆಗೆ ಮೊದಲ ಪರಿಣಾಮಕಾರಿ ಔಷಧಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದದ್ದು 1952ರಲ್ಲಿ. ಡಾಡ್ಜ್ ನೋಡಿದವರು ಅದಕ್ಕೂ ನಾಲ್ಕು ದಶಕ ಮುಂಚಿನವರು. ಮಾತ್ರೆಯನ್ನೇ ಮುಟ್ಟದ ಸಂಬಂಧಿಕರಲ್ಲೂ ತೊಡಕು ಕಂಡಿತು. ಹಾಗಾಗಿ ಔಷಧಿಯೊಂದೇ ಕಾರಣ ಎನ್ನಲಾಗದು.

ತೊಡಕು ಇರುವುದು ಎಲ್ಲಿ?

ಕಣ್ಣಿನಲ್ಲಲ್ಲ. ಕಣ್ಣಿನ ವೈದ್ಯರ ಅಕ್ಷರದ ಪಟವನ್ನು ಇವರು ಸರಾಗವಾಗಿ ಓದಬಲ್ಲರು. ಆರೂ ಸ್ನಾಯುಗಳು ಗಟ್ಟಿಯಾಗಿವೆ. ಇದು ಮೆಳ್ಳೆಗಣ್ಣಲ್ಲ, ಕನ್ನಡಕದಿಂದ ಸರಿಹೋಗುವುದೂ ಅಲ್ಲ. ತೊಡಕಿರುವುದು ಕಣ್ಣನ್ನು ನಡೆಸುವ ಮೆದುಳಿನ ಜಾಲದಲ್ಲಿ. ಮೂರು ಕೆಲಸಗಳನ್ನು ನೋಡೋಣ.

*ಒಂದು: ಮುಂದಾಲೋಚನೆ.* ತೋಟದಲ್ಲಿ ಕ್ರಿಕೆಟ್ ಆಡುವಾಗ ಚೆಂಡು ಒಂದು ಮರದ ಹಿಂದೆ ಮರೆಯಾಗುತ್ತದೆ ಎನ್ನಿ. ಅದು ಆಚೆ ಯಾವಾಗ, ಎಲ್ಲಿ ಹೊರಬರುತ್ತದೆ ಎಂದು ಮೆದುಳು ಮೊದಲೇ ಲೆಕ್ಕ ಹಾಕಿ ಕಣ್ಣನ್ನು ಅಲ್ಲಿಗೆ ಒಯ್ದಿರುತ್ತದೆ. ಕಂಡದ್ದನ್ನು ಮೆದುಳು ಅರಿಯಲು ಸ್ವಲ್ಪ ಸಮಯ ಬೇಕಾದ್ದರಿಂದ ಈ ಲೆಕ್ಕವಿಲ್ಲದೆ ನುಣುಪು ನೋಟ ಸಾಧ್ಯವಿಲ್ಲ. ದೃಷ್ಟಿ ತೊಗಟೆ, ಮೆದುಳಿನ ಮುಂಭಾಗದಲ್ಲಿ ಕಣ್ಣಿನ ಚಲನೆಗೆಂದೇ ಇರುವ ಪ್ರದೇಶ, ಅನುಮಸ್ತಿಷ್ಕ, ಮೆದುಳು ಕಾಂಡ ಎಲ್ಲವೂ ಸೇರಿ ಇದನ್ನು ಮಾಡುತ್ತವೆ. ಸ್ಕಿಜೋಫ್ರೇನಿಯಾದಲ್ಲಿ ಈ ಮುನ್ಸೂಚನೆ ದುರ್ಬಲವಾಗಿರುವುದು ಕಂಡುಬಂದಿದೆ. ಇದನ್ನು ಅಳೆಯುವ ಕ್ರಮ ಸರಳ. ಬಿಂದು ಸೆಕೆಂಡಿಗೆ 20 ಡಿಗ್ರಿ ಸಾಗುವಾಗ ಕಣ್ಣು 16 ಡಿಗ್ರಿ ಸಾಗಿದರೆ ಅನುಪಾತ 0.8. ಅನುಪಾತ 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು. ಉಳಿದ ಕೊರತೆಯನ್ನು ಕಣ್ಣು ನೆಗೆದು ತುಂಬಿಸಿಕೊಳ್ಳಬೇಕು.

*ಎರಡು: ತಡೆ.* ಪರದೆಯ ಬಲಗಡೆ ಬೆಳಕು ಮಿನುಗಿದರೆ ಎಡಗಡೆ ನೋಡಬೇಕು, ಎಡಗಡೆ ಮಿನುಗಿದರೆ ಬಲಗಡೆ. 1978ರಲ್ಲಿ ಹ್ಯಾಲೆಟ್ ಎಂಬ ವಿಜ್ಞಾನಿ ವಿವರಿಸಿದ ಈ ಪರೀಕ್ಷೆಗೆ ಆ್ಯಂಟಿಸ್ಯಾಕೇಡ್ ಎಂದು ಹೆಸರು. ಮಿನುಗಿದ ಕಡೆಗೆ ನೆಗೆಯುವ ಆತುರವನ್ನು ಮೆದುಳಿನ ಮುಂಭಾಗ ತಡೆಯಬೇಕು. ನಾವೆಲ್ಲರೂ ಇದರಲ್ಲಿ ಆಗಾಗ ತಪ್ಪುತ್ತೇವೆ. ಸ್ಕಿಜೋಫ್ರೇನಿಯಾ ಇದ್ದವರು ಇನ್ನೂ ಹೆಚ್ಚು ತಪ್ಪುತ್ತಾರೆ. ಏನು ಮಾಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅನೇಕ ಸಲ ಕಣ್ಣು ತಪ್ಪು ಕಡೆ ಹೋದ ಕೂಡಲೇ ತಾವೇ ತಿದ್ದಿಕೊಳ್ಳುತ್ತಾರೆ. ಕೊರತೆ ತಿಳಿವಳಿಕೆಯದಲ್ಲ, ತಡೆಯದು.

*ಮೂರು: ಕಡತದ ಪ್ರತಿ.* ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣಿನ ರೆಪ್ಪೆಯ ಅಂಚನ್ನು ಹೊರಗಡೆಯಿಂದ ಬೆರಳಿನಲ್ಲಿ ಬಹಳ ಮೃದುವಾಗಿ ಒತ್ತಿ. ಇಡೀ ಕೋಣೆ ಅಲುಗಿದಂತೆ ಕಾಣುತ್ತದೆ. ಆದರೆ ನೀವಾಗಿಯೇ ಕಣ್ಣು ಹೊರಳಿಸಿದಾಗ ಕೋಣೆ ಅಲುಗುವುದಿಲ್ಲ. ಯಾಕೆ? ಕಚೇರಿಯಿಂದ ಪತ್ರ ಹೊರಡುವಾಗ ಒಂದು ಪ್ರತಿ ಕಡತಕ್ಕೆ ಸೇರುತ್ತದಲ್ಲ, ಹಾಗೆ. ಸ್ನಾಯುವಿಗೆ ಆಜ್ಞೆ ಹೊರಡುವಾಗಲೇ ಮೆದುಳು ಅದರ ಪ್ರತಿಯನ್ನು ತನಗೂ ಇಟ್ಟುಕೊಳ್ಳುತ್ತದೆ. "ಇದು ನಾನೇ ಮಾಡಿದ ಚಲನೆ" ಎಂದು ಲೆಕ್ಕದಿಂದ ಕಳೆಯುತ್ತದೆ. ಬೆರಳಿನಿಂದ ಒತ್ತಿದಾಗ ಆ ಪ್ರತಿ ಇಲ್ಲ, ಆದ್ದರಿಂದ ಲೋಕವೇ ಅಲುಗಿತು ಎನಿಸುತ್ತದೆ.

ಸ್ಕಿಜೋಫ್ರೇನಿಯಾದಲ್ಲಿ ಈ ಪ್ರತಿ ಸರಿಯಾಗಿ ತಲುಪುವುದಿಲ್ಲ ಎಂಬುದಕ್ಕೆ ಕಣ್ಣಿನ ಪ್ರಯೋಗಗಳಲ್ಲಿ ಸುಳಿವುಗಳಿವೆ. ಇದೇ ಯೋಚನೆಯನ್ನು ವಿಜ್ಞಾನಿಗಳು ಇನ್ನೊಂದು ಲಕ್ಷಣಕ್ಕೂ ಅನ್ವಯಿಸುತ್ತಾರೆ. ನಾವೆಲ್ಲ ಮನಸ್ಸಿನೊಳಗೆ ಮಾತಾಡಿಕೊಳ್ಳುತ್ತೇವೆ. "ಇದು ನನ್ನದೇ ಮಾತು" ಎಂಬ ಪ್ರತಿ ಸಿಗದಿದ್ದರೆ ಆ ಮಾತು ಹೊರಗಿನ ಯಾರದೋ ದನಿ ಎನಿಸಬಹುದು. ಇದಿನ್ನೂ ಸಿದ್ಧಾಂತ, ಮುಗಿದ ಲೆಕ್ಕವಲ್ಲ. ಆದರೂ ಒಮ್ಮೆ ಯೋಚಿಸಿ. ದನಿ ಕೇಳಿಸುತ್ತಿದೆ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಅದು ಕೇಳಿಸುತ್ತಿದೆ, ಕಣ್ಣೊತ್ತಿದಾಗ ನಮಗೆ ಕೋಣೆ ಅಲುಗಿದಷ್ಟೇ ನಿಜವಾಗಿ.

ಮುಖ ನೋಡದಿರುವುದು

ನಾವು ಒಬ್ಬರ ಮುಖ ನೋಡುವಾಗ ಕಣ್ಣು, ಮೂಗು, ಬಾಯಿಗಳ ನಡುವೆ ನಮ್ಮ ನೋಟ ಮತ್ತೆ ಮತ್ತೆ ಓಡಾಡುತ್ತದೆ. ಸಿಟ್ಟೋ ನಗುವೋ ತಿಳಿಯುವುದು ಹಾಗೆಯೇ. ಸ್ಕಿಜೋಫ್ರೇನಿಯಾ ಇದ್ದವರ ನೋಟದ ಜಾಡನ್ನು ದಾಖಲಿಸಿದಾಗ ಅದು ಚಿಕ್ಕ ಜಾಗದಲ್ಲೇ ಉಳಿಯುತ್ತದೆ, ಕಣ್ಣು ಬಾಯಿಗಳ ಮೇಲೆ ಕಡಿಮೆ ನಿಲ್ಲುತ್ತದೆ. ಎದುರಿನವರ ಭಾವ ಅರಿಯಲು ಇದರಿಂದ ಕಷ್ಟವಾಗುತ್ತದೆ. ಓದುವಾಗಲೂ ಸಾಲು ತಪ್ಪಬಹುದು, ಹಿಂದೆ ಹೋಗಿ ಮತ್ತೆ ಓದಬೇಕಾಗಬಹುದು.

ಚಿಕ್ಕನಾಯಕನಹಳ್ಳಿ ಕಡೆ ನನಗೆ ಪರಿಚಯದವರೊಬ್ಬರಿದ್ದಾರೆ. ಹಲವು ವರ್ಷಗಳಿಂದ ಈ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ತೆಂಗಿನಕಾಯಿ ಸುಲಿಯುವ ಕೆಲಸ ಅವರದು. ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಒತ್ತಿ ಮೂರೇ ತಿರುವಿಗೆ ಸಿಪ್ಪೆ ಬಿಡಿಸುತ್ತಾರೆ. ಮಾತಾಡಿಸಿದರೆ ಉತ್ತರ ಕೊಡುತ್ತಾರೆ, ನೋಟ ಮಾತ್ರ ಕಾಯಿಯ ಮೇಲೆ. "ಕಣ್ಣು ಕೊಟ್ಟು ಮಾತಾಡಲ್ಲ, ಏನೋ ಮುಚ್ಚಿಡ್ತಾನೆ" ಎಂದು ಜನ ಅನ್ನುವುದನ್ನು ಕೇಳಿದ್ದೇನೆ. ಅವರು ಮುಚ್ಚಿಡುವುದು ಏನೂ ಇಲ್ಲ. ನಾನು ಈಗ ಅವರ ಪಕ್ಕದಲ್ಲಿ ಕೂತು, ನಾನೂ ಕಾಯಿ ರಾಶಿಯನ್ನೇ ನೋಡುತ್ತಾ ಮಾತಾಡುತ್ತೇನೆ. ಮಾತು ಸಲೀಸಾಗಿ ಸಾಗುತ್ತದೆ.

ಕಣ್ಣು ನೋಡಿ ಕಾಯಿಲೆ ಹೇಳಬಹುದೇ?

ಇಲ್ಲ. ಇದನ್ನು ಅಡಿಗೆರೆ ಎಳೆದು ಓದಿ. 2012ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ತಂಡವೊಂದು ಹಲವು ಕಣ್ಣಿನ ಪರೀಕ್ಷೆಗಳನ್ನು ಒಟ್ಟುಗೂಡಿಸಿ ಸ್ಕಿಜೋಫ್ರೇನಿಯಾ ಇದ್ದವರನ್ನೂ ಇಲ್ಲದವರನ್ನೂ ಬಹಳ ನಿಖರವಾಗಿ ಬೇರ್ಪಡಿಸಿ ತೋರಿಸಿತು. ಹಾಗಿದ್ದರೂ ಇಂದಿಗೂ ಯಾವ ಆಸ್ಪತ್ರೆಯಲ್ಲೂ ಕಣ್ಣಿನ ಚಲನೆ ನೋಡಿ ಮಾತ್ರ ಈ ಕಾಯಿಲೆ ಎಂದು ತೀರ್ಮಾನಿಸುವುದಿಲ್ಲ. ನಿದ್ದೆಗೆಟ್ಟವರ, ಮದ್ಯ ಕುಡಿದವರ, ನಿದ್ದೆಮಾತ್ರೆ ನುಂಗಿದವರ, ಬೇರೆ ನರರೋಗ ಇದ್ದವರ ಕಣ್ಣೂ ತಡವರಿಸುತ್ತದೆ. ಕಾಯಿಲೆಯೇ ಇಲ್ಲದ ಸಂಬಂಧಿಕರಲ್ಲೂ ತೊಡಕಿರುತ್ತದೆ ಎಂದು ಆಗಲೇ ನೋಡಿದೆವು. ಮುಖ ನೋಡದಿರಲು ನಾಚಿಕೆಯೂ ಕಾರಣ, ಹಿರಿಯರ ಮುಂದೆ ತಗ್ಗಿದ ನೋಟ ನಮ್ಮಲ್ಲಿ ಮರ್ಯಾದೆಯೂ ಹೌದು. ಆದ್ದರಿಂದ ಪೆನ್ನು ಆಡಿಸಿ ಗೆಳೆಯರಿಗೆ ಹಣೆಪಟ್ಟಿ ಹಚ್ಚಬೇಡಿ. ಮನೋವೈದ್ಯರು ರೋಗಿಯೊಂದಿಗೆ, ಮನೆಯವರೊಂದಿಗೆ ಮಾತಾಡಿ, ಲಕ್ಷಣಗಳು ಎಷ್ಟು ದಿನದಿಂದ ಇವೆ ಎಂದು ವಿಚಾರಿಸಿ ನಿರ್ಧರಿಸುತ್ತಾರೆ.

ಹಾಗಾದರೆ ಈ ಸಂಶೋಧನೆಯಿಂದ ಉಪಯೋಗವೇನು? ಕಾಯಿಲೆ ಮೆದುಳಿನ ಯಾವ ಜಾಲದಲ್ಲಿದೆ, ಕುಟುಂಬಗಳಲ್ಲಿ ಅದು ಹೇಗೆ ಸಾಗಿ ಬರುತ್ತದೆ ಎಂದು ತಿಳಿಯಲು. ಬೆಂಗಳೂರಿನ ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಸೇರಿ, ಒಬ್ಬರಿಗಿಂತ ಹೆಚ್ಚು ಜನರಿಗೆ ತೀವ್ರ ಮಾನಸಿಕ ಕಾಯಿಲೆ ಇರುವ ಕುಟುಂಬಗಳನ್ನು ಅಧ್ಯಯನ ಮಾಡುತ್ತಿವೆ. ಅಲ್ಲಿ ಮೆದುಳಿನ ಸ್ಕ್ಯಾನ್, ಜೀನ್ ಪರೀಕ್ಷೆಗಳ ಜೊತೆ ಕಣ್ಣಿನ ಚಲನೆಯನ್ನೂ ಅಳೆಯುತ್ತಾರೆ. ಜೀನ್ ಎಂದ ಮಾತ್ರಕ್ಕೆ ಹಣೆಬರಹ ಎಂದುಕೊಳ್ಳಬೇಡಿ. ಒಂದೇ ರೂಪದ ಅವಳಿಗಳಲ್ಲೂ ಎಷ್ಟೋ ಕಡೆ ಒಬ್ಬರಿಗೆ ಬಂದ ಕಾಯಿಲೆ ಇನ್ನೊಬ್ಬರಿಗೆ ಬಂದಿಲ್ಲ.

ಕಣ್ಣು ಮೇಲೆ ಸಿಕ್ಕಿಕೊಂಡರೆ

ಇದು ಬೇರೆ ಸಂಗತಿ, ಆದರೆ ಎಲ್ಲರೂ ತಿಳಿದಿರಲೇಬೇಕು. ಹ್ಯಾಲೊಪೆರಿಡಾಲ್‌ನಂಥ ಕೆಲವು ಮಾತ್ರೆ ಅಥವಾ ಇಂಜೆಕ್ಷನ್ ಶುರುಮಾಡಿದ ಮೊದಲ ದಿನಗಳಲ್ಲಿ ಕೆಲವರಿಗೆ ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಕುತ್ತಿಗೆ ಸೆಟೆದುಕೊಳ್ಳುತ್ತದೆ. ನೋಡಲು ಭಯವಾಗುತ್ತದೆ. ಮನೆಯವರು "ಗಾಳಿ ಮೆಟ್ಟಿಕೊಂಡಿದೆ", "ನಜರ್ ಆಗಿದೆ" ಎಂದುಕೊಂಡು ದೃಷ್ಟಿ ತೆಗೆಯಲು ಓಡುವುದುಂಟು. ಇದು ಔಷಧಿಯ ಅಡ್ಡಪರಿಣಾಮ. ಆಸ್ಪತ್ರೆಗೆ ಕರೆದೊಯ್ದರೆ ಒಂದು ಇಂಜೆಕ್ಷನ್‌ನಿಂದ ಸಾಮಾನ್ಯವಾಗಿ ಬೇಗನೆ ಸರಿಹೋಗುತ್ತದೆ. ವೈದ್ಯರು ಔಷಧಿಯ ಪ್ರಮಾಣವನ್ನು ಅಥವಾ ಔಷಧಿಯನ್ನೇ ಬದಲಿಸುತ್ತಾರೆ. ಹೆದರಿ ಚಿಕಿತ್ಸೆಯನ್ನೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯವಿದೆ.

ದುವಾ ಮಾಡಿಸುವುದು, ಪೂಜೆ ಮಾಡಿಸುವುದು ಮನೆಯವರ ಸಮಾಧಾನಕ್ಕೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಅದು ಮಾತ್ರೆಯ ಜೊತೆಗಿರಲಿ, ಮಾತ್ರೆಯ ಬದಲಿಗೆ ಬೇಡ. ಕಟ್ಟಿಹಾಕುವುದು, ಹೊಡೆಯುವುದು ಯಾವ ಕಾರಣಕ್ಕೂ ಸಲ್ಲದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆ ಇರುವವರಿಗೆ ಘನತೆಯಿಂದ ಬಾಳುವ ಮತ್ತು ಚಿಕಿತ್ಸೆ ಪಡೆಯುವ ಹಕ್ಕು ಕೊಟ್ಟಿದೆ.

ನಮ್ಮ ತುರುವೇಕೆರೆಯ ಪಾಠ

ಚಿಕಿತ್ಸೆ ಎಂದರೆ ಬೆಂಗಳೂರಿಗೇ ಹೋಗಬೇಕು ಎಂದು ಅನೇಕರು ತಿಳಿದಿದ್ದಾರೆ. ನಿಮ್ಹಾನ್ಸ್ ವೈದ್ಯರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ಮತ್ತು ನಮ್ಮ ತುರುವೇಕೆರೆ ತಾಲ್ಲೂಕುಗಳಲ್ಲಿ ಹಲವು ವರ್ಷ ಸಮುದಾಯ ಕಾರ್ಯಕ್ರಮ ನಡೆಸಿದ್ದಾರೆ. ಹಳ್ಳಿಗಳಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಗುರುತಿಸಿ, ಅವರ ಊರಿನ ಹತ್ತಿರವೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಅವರ ಸ್ಥಿತಿಯನ್ನು ಗಮನಿಸಿದ್ದಾರೆ. ಚಿಕಿತ್ಸೆ ಪಡೆದವರಿಗೆ ದಿನನಿತ್ಯದ ಬದುಕು ನಡೆಸುವುದು ಚಿಕಿತ್ಸೆ ಇಲ್ಲದವರಿಗಿಂತ ಸುಲಭವಾಗಿತ್ತು, ಹೊಲ ಮನೆಗಳ ಕೆಲಸಕ್ಕೆ ಮರಳಿದವರೂ ಅನೇಕ. ದೊಡ್ಡ ಆಸ್ಪತ್ರೆಯ ಕಟ್ಟಡಕ್ಕಿಂತ ತಪ್ಪದೆ ಸಿಗುವ ಮಾತ್ರೆ, ವಿಚಾರಿಸಲು ಬರುವ ಆರೋಗ್ಯ ಕಾರ್ಯಕರ್ತೆ, ಕೈಬಿಡದ ಮನೆಯವರು ಇಲ್ಲಿ ಹೆಚ್ಚು ಕೆಲಸ ಮಾಡುತ್ತಾರೆ.

ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆಯ ಏರ್ಪಾಡಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಾವು ಮಾಡಬಹುದಾದದ್ದು

- ಅವರು ಮುಖ ನೋಡಲಿಲ್ಲವೆಂದು ಬೇಸರಿಸಬೇಡಿ. ಪಕ್ಕದಲ್ಲಿ ಕೂತು, ಒಂದು ಸಲಕ್ಕೆ ಒಂದೇ ವಿಷಯವನ್ನು ನಿಧಾನವಾಗಿ ಹೇಳಿ.
- ಭಾವವನ್ನು ಮುಖದಲ್ಲಿ ಮಾತ್ರ ತೋರಿಸದೆ ಬಾಯಿಬಿಟ್ಟು ಹೇಳಿ: "ನಂಗೆ ಸಿಟ್ಟಿಲ್ಲ", "ನೀವು ಬಂದದ್ದು ಸಂತೋಷ."
- ಚಿಕಿತ್ಸೆ ಪಡೆದು ತರಗತಿಗೆ ಮರಳಿದ ಸಹಪಾಠಿ ಬೋರ್ಡಿನಿಂದ ಬರೆದುಕೊಳ್ಳಲು ತಡವರಿಸಿದರೆ ನಿಮ್ಮ ನೋಟ್ಸ್ ಕೊಡಿ. ಓದುವಾಗ ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಳ್ಳುವುದು ಸಹಾಯವಾಗಬಹುದು.
- ಸಹೋದ್ಯೋಗಿ ಅಧ್ಯಾಪಕರಲ್ಲಿ ಒಂದು ವಿನಂತಿ: ಚೆನ್ನಾಗಿ ಓದುತ್ತಿದ್ದ ವಿದ್ಯಾರ್ಥಿ ತಿಂಗಳುಗಟ್ಟಲೆ ಒಂಟಿಯಾಗುತ್ತಾ, ಅಂಕ ಕಳೆದುಕೊಳ್ಳುತ್ತಾ ಬಂದರೆ ಬೈಯುವ ಮೊದಲು ಕರೆದು ಮಾತಾಡಿಸೋಣ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ ಎಂಬುದು ನಮಗೆ ನೆನಪಿರಲಿ.
- 'ಹುಚ್ಚ', 'ಮೆಂಟಲ್' ಎಂಬ ಪದಗಳನ್ನು ತಮಾಷೆಗೂ ಬಳಸಬೇಡಿ. ಪಕ್ಕದ ಬೆಂಚಿನಲ್ಲಿರುವವರ ಮನೆಯಲ್ಲಿ ಯಾರಿದ್ದಾರೋ ನಿಮಗೆ ಗೊತ್ತಿಲ್ಲ.

ಯೋಚಿಸಿ ಉತ್ತರಿಸಿ

1. ಖಾಲಿ ಗೋಡೆಯ ಮೇಲೆ ನೋಟವನ್ನು ನುಣುಪಾಗಿ ಜಾರಿಸಲು ಯಾಕೆ ಆಗುವುದಿಲ್ಲ?
2. ಬಿಂದು ಸೆಕೆಂಡಿಗೆ 15 ಡಿಗ್ರಿ, ಕಣ್ಣು 12 ಡಿಗ್ರಿ ಸಾಗಿದರೆ ಅನುಪಾತ ಎಷ್ಟು? ಉಳಿದ ಕೊರತೆಯನ್ನು ಕಣ್ಣು ಹೇಗೆ ತುಂಬಿಸಿಕೊಳ್ಳುತ್ತದೆ?
3. ಕಣ್ಣಿನ ತೊಡಕಿಗೆ ಔಷಧಿಯೊಂದೇ ಕಾರಣವಲ್ಲ ಎನ್ನಲು ಎರಡು ಆಧಾರ ಕೊಡಿ.
4. ಕನ್ನಡಿಯಲ್ಲಿ ನಿಮ್ಮ ಎಡಗಣ್ಣನ್ನೂ ಬಲಗಣ್ಣನ್ನೂ ಸರದಿಯಂತೆ ನೋಡಿ. ನಿಮ್ಮ ಕಣ್ಣು ಚಲಿಸುವುದು ನಿಮಗೇ ಕಾಣುತ್ತದೆಯೇ? ಪಕ್ಕದವರಿಗೆ? ಕಾರಣವೇನಿರಬಹುದು?
5. ಮಾತ್ರೆ ಶುರುಮಾಡಿದ ಮೂರನೆಯ ದಿನ ನೆರೆಮನೆಯವರ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದೆ. ಅವರ ಮನೆಯವರಿಗೆ ನೀವು ಏನು ಹೇಳುತ್ತೀರಿ?

ನಾಲ್ಕನೆಯ ಪ್ರಶ್ನೆಗೆ ಉತ್ತರ ಹೊಳೆದವರು ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಬಂದು ಹೇಳಿ. ಐದನೆಯದಕ್ಕೆ ಉತ್ತರವನ್ನು ಮನೆಯಲ್ಲಿ ಅಮ್ಮ ಅಪ್ಪನಿಗೂ ಓದಿ ಹೇಳಿ.